ಹೆಬ್ಬೆರಳು ಒತ್ತಿದ ಗುಂಡಿ

“ಏನಾಗಬೇಕಿತ್ತು, ಸಾರ್?”

ಕ್ಯಾಮೆರಾ ರಿಪೇರಿಯ ಮೇಜಿನಾಚೆ ನಿಂತವನನ್ನು ಅವಳು ಹಾಗೆ ಕೇಳಿದಳು. ಅವಳನ್ನು ಪ್ರೀತಿಸಿ, ಕಳೆದ ವರ್ಷ ಮದುವೆಯ ಮಾತಿಗೆಂದು ಅವಳ ಮನೆಗೆ ಬಂದು, ಅಪ್ಪ ಕೊಟ್ಟ ನೀರಿನ ಲೋಟವನ್ನು ನೆಲಕ್ಕೆ ಬೀಳಿಸಿ, ಒಂದು ಮಾತೂ ಆಡದೆ ಎದ್ದುಹೋದವನು ಇವನೇ. ಅಪ್ಪ ಅದನ್ನು ಅವಮಾನವೆಂದರು. ಅವಳೂ ಹಾಗೆಯೇ ನಂಬಿದಳು.

“ಸಾರ್ ಅಂತೀಯಾ…”

“ಗಿರಾಕಿಗಳನ್ನ ಹಾಗೇ ಕರೆಯೋದು.”

ಮೊಣಕೈಯುದ್ದದ ಲೆನ್ಸ್ ಕೂಡಿಸಿದ ಕ್ಯಾಮೆರಾವನ್ನು ಅವನು ಮೇಜಿನ ಮೇಲಿಟ್ಟ. ಹಕ್ಕಿಗಳ ಚಿತ್ರ ತೆಗೆಯುವುದು ಅವನ ವೃತ್ತಿ.

“ಫೋಕಸ್ ಬಟನ್ ಹೋಗಿದೆ.”

ಅಷ್ಟುದ್ದದ ಲೆನ್ಸ್ ಹಿಡಿದಾಗ ಭಾರದ ಮುಕ್ಕಾಲು ಪಾಲನ್ನು ಕೆಳಗಿನಿಂದ ಎಡಗೈ ಹೊರುತ್ತದೆ. ಫೋಕಸ್ ಮಾಡುವುದು ಹಿಂಬದಿಯ ಗುಂಡಿಯ ಮೇಲಿರುವ ಬಲಗೈ ಹೆಬ್ಬೆರಳು. ಕಣ್ಣು ನೋಟದ ಕಿಂಡಿಯಾದ ವ್ಯೂಫೈಂಡರ್‌ನಲ್ಲಿರುವುದರಿಂದ ಗುಂಡಿಯನ್ನು ಸ್ಪರ್ಶದಿಂದಲೇ ಅರಿಯಬೇಕು. ಆ ಗುಂಡಿ ಈಗ ಒಳಕ್ಕೆ ಕುಸಿದು ಸೀಳಿಹೋಗಿತ್ತು.

“ಇದೇನು, ಬಟನ್ ಒತ್ತಿದ್ರಾ, ಮೊಳೆ ಹೊಡೆದ್ರಾ?”

ಅವನು ನಗಲಿಲ್ಲ.

ಅವಳ ಕೈ ನಿಂತಿತು. ಒತ್ತಿದ್ದು ತಿಳಿಯದವನು ಮಾತ್ರ ಹೀಗೆ ಒತ್ತುತ್ತಾನೆ…

ಅವನ ಹೆಬ್ಬೆರಳನ್ನು ಹಿಡಿದು ಬಲವಾಗಿ ಚಿವುಟಿದಳು. ಅವನ ಮುಖದಲ್ಲಿ ಏನೂ ಕದಲಲಿಲ್ಲ!

“ಆ ಲೋಟ…”

“ಹಿಡಿದಿದ್ದೀನಿ ಅಂದ್ಕೊಂಡಿದ್ದೆ. ಬಲಗೈಗೆ ನರದ ಕಾಯಿಲೆ. ವಾಸಿ ಆಗಲ್ವಂತೆ. ಇದನ್ನ ನಿನ್ನ ಕೊರಳಿಗೆ ಯಾಕೆ ಕಟ್ಟಲಿ ಅಂತ…”

“ನನ್ನನ್ನ ಒಂದು ಮಾತು ಕೇಳಿದ್ಯಾ?”

ಅವಳು ಕ್ಯಾಮೆರಾವನ್ನು ತನ್ನತ್ತ ಎಳೆದುಕೊಂಡಳು.

ಲೆನ್ಸಿನ ಮುಂತುದಿಯಲ್ಲಿ, ಎಡಗೈ ಬೆರಳು ತಾನಾಗಿ ಕೂರುವೆಡೆ, ಇನ್ನೊಂದು ಗುಂಡಿಯಿತ್ತು. ಕ್ಯಾಮೆರಾದ ಮೆನು ತೆರೆದು, ಫೋಕಸ್ ಮಾಡುವ ಕೆಲಸವನ್ನು ಅವಳು ಅದಕ್ಕೆ ವಹಿಸಿದಳು.

“ಎತ್ತಿ ನೋಡು. ಎಡಗೈಯಲ್ಲಿ ಒತ್ತು.”

“ಸ್ವಲ್ಪ ದೂರ ಹೋಗು. ಹತ್ತಿರ ಇದ್ರೆ ಇದು ಫೋಕಸ್ ಆಗಲ್ಲ.”

ಅವಳು ಬಾಗಿಲಾಚೆಯ ವರಾಂಡದ ಕೊನೆಗೆ ಹೋಗಿ ನಿಂತಳು. ಅವನ ಎಡಬೆರಳು ಗುಂಡಿಯನ್ನು ಒತ್ತಿತು. ಅವಳ ಕೆನ್ನೆಯ ಮೇಲಿನ ಕಣ್ಣೀರು ಸ್ಪಷ್ಟವಾಗಿ ಮೂಡಿತು.

“ಎಡಗೈಗೂ ಬಂದ್ರೆ?” ಅವನು ಕೇಳಿದ.

ಅವಳು ಅವನತ್ತ ನಡೆದು ಬಂದಳು.

“ಬರಬೇಡ… ಮಸುಕಾಗ್ತಿದ್ದೀಯ.”

“ಆಗ್ಲಿ. ಅದನ್ನ ಕೆಳಗಿಡು.”

ಇಟ್ಟ. ಅವಳು ಅವನ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

“ನೀನು ಹಿಡಿದಿರೋದು ನನಗೆ ಗೊತ್ತಾಗಲ್ಲ ಕಣೇ…”

“ನನಗೆ ಗೊತ್ತಾಗುತ್ತಲ್ಲ.”