ಮಾಯಾವಿ ಕಟ್ಟಿದ ಜೋಡಿ

ಹುಲಿಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲ. ಕೆಮ್ಮಣ್ಣುಪುರವೆಂಬ ರಾಜ್ಯದ ಗರಡಿಮನೆಯಲ್ಲಿ ಹಾಲಪ್ಪ, ಸಿಂಗಣ್ಣ ಎಂಬ ಇಬ್ಬರು ಜಟ್ಟಿಗಳಿದ್ದರು. ಕುಸ್ತಿಗೂ ಇವರದೇ ಜೋಡಿ, ಊಟಕ್ಕೂ ಇವರದೇ ಜೋಡಿ. ಒಬ್ಬರೆಂದರೆ ಇನ್ನೊಬ್ಬರಿಗೆ ಪ್ರಾಣ. ಊರಿಗೆಲ್ಲ ಗೊತ್ತಿತ್ತು. ಜಟ್ಟಿಗಳ ಎದುರು ನಿಂತು ಆಡಿಕೊಳ್ಳುವ ಎದೆ ಯಾರಿಗಿತ್ತು?

ಅವರ ಜಗಳವೆಂದರೆ ಒಂದೇ. ಗರಡಿಯ ಮಣ್ಣಿಗೆ ಅರಿಸಿನ, ಮಜ್ಜಿಗೆ ಬೆರೆಸಿ ಹದ ಮಾಡುವವನು ಹಾಲಪ್ಪ. ಅವನ ಕೈಯಲ್ಲಿ ಮಜ್ಜಿಗೆ ಯಾವಾಗಲೂ ಹೆಚ್ಚು. ಸಿಂಗಣ್ಣ ದಿನವೂ ಬೈಯುತ್ತಿದ್ದ.

ಆ ನಾಡಿನಲ್ಲೊಂದು ಕಟ್ಟಳೆ. ಇಬ್ಬರ ಕೈ ಕೂಡಿಸಿ ಕುಸ್ತಿಗೆ ಜೋಡಿ ಕಟ್ಟಿದರೆ, ಒಬ್ಬನ ಬೆನ್ನು ನೆಲ ಮುಟ್ಟುವವರೆಗೆ ಆ ಜೋಡಿಯನ್ನು ಯಾರೂ ಬಿಡಿಸಬಾರದು. ಬಿಡಿಸಿದವನು ಕಲ್ಲಾಗುತ್ತಾನೆ.

ಒಂದು ದಿನ ಬೆಟ್ಟದಾಚೆಯ ಮಾಯಾವಿ ಗವಿರಾಯ ಹೇಳಿಕಳಿಸಿದ: "ನನ್ನ ಕೋಟೆಯ ಕಾವಲಿಗೆ ಒಬ್ಬ ಜಟ್ಟಿ ಬೇಕು, ಒಂದು ವರ್ಷದ ಮಟ್ಟಿಗೆ. ಕಳಿಸದಿದ್ದರೆ ಊರನ್ನೆಲ್ಲ ಕೋಳಿ ಮಾಡುತ್ತೇನೆ." ರಾಜನ ಸೊಸೆ ಆಗಲೇ ಕೊಕ್ಕೋ ಎನ್ನತೊಡಗಿದ್ದಳು. ಸಿಂಗಣ್ಣ ಹೊರಟು ನಿಂತ.

"ಒಂದು ವರ್ಷ ಕಣೋ ಹಾಲಾ. ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಬರ್ತೀನಿ."

ವರ್ಷ ಮೂರಾಯಿತು. ಸಿಂಗಣ್ಣ ಬರಲಿಲ್ಲ, ಸುದ್ದಿಯೂ ಬರಲಿಲ್ಲ. ಹಾಲಪ್ಪನಿಗೆ ಅನ್ನ ಸೇರದಾಯಿತು. ಗರಡಿಯ ಮಣ್ಣನ್ನು ಒಂದು ಹಿಡಿ ಗಂಟು ಕಟ್ಟಿಕೊಂಡು ನಡೆದೇಬಿಟ್ಟ.

ಬೆಟ್ಟದ ಬುಡದಲ್ಲಿ ಹುಲಿ ಅಡ್ಡ ಬಂತು. "ಎಲ್ಲಿಗಯ್ಯಾ?"

"ನನ್ನ ಸಿಂಗನ್ನ ಕರ್ಕೊಂಡು ಬರೋಕೆ."

"ಮೂರು ವರ್ಷ ಆಯ್ತಲ್ಲ, ಮರೆತಿರ್ತಾನೆ."

"ಮರೆತಿದ್ರೆ ನೆನಪು ಮಾಡ್ತೀನಿ."

ಹುಲಿ ಮೇಲೆರಗಿತು. ಹಾಲಪ್ಪ ಸೊಂಟಕ್ಕೆ ಕೈಹಾಕಿ ಅದನ್ನು ಅಂಗಾತ ಕೆಡವಿದ. "ಬಿದ್ದರೂ ಮೀಸೆ ಮಣ್ಣಾಗಲಿಲ್ಲ, ತಿಳ್ಕೋ," ಎನ್ನುತ್ತ ಹುಲಿ ಮೈ ಕೊಡವಿಕೊಂಡು ಪಕ್ಕಕ್ಕೆ ಸರಿಯಿತು.

ಬೆಟ್ಟದ ಆಚೆ ಮರೆವಿನ ಹೊಳೆ. ದಡದ ಮೇಲಿನ ಮುದಿ ಆಮೆ ಹೇಳಿತು: "ನಿನ್ನವನು ಬಾಯಾರಿ ಈ ನೀರು ಕುಡಿದ ಮಗಾ. ನಿನ್ನನ್ನ ಮರೆತ."

"ಮರೆತಿದ್ರೆ ನೆನಪು ಮಾಡ್ತೀನಿ."

ಹಾಲಪ್ಪನ ಗಂಟಲೂ ಒಣಗಿತ್ತು. ಆದರೂ ಗಂಟನ್ನು ತಲೆಗೆ ಕಟ್ಟಿ, ಬಾಯಿ ಬಿಗಿದು, ಒಂದು ಹನಿಯೂ ಒಳಗಿಳಿಯದಂತೆ ಈಜಿ ದಾಟಿದ.

ಕೋಟೆಯ ಬಾಗಿಲಲ್ಲಿ ಸಿಂಗಣ್ಣನೇ ನಿಂತಿದ್ದ. "ಯಾರಯ್ಯಾ ನೀನು?" ಎಂದ.

ಹಾಲಪ್ಪನ ಎದೆ ಒಡೆಯಿತು. ಎರಡು ಸಲ ಹೇಳಿದ ಮಾತು ಮೂರನೇ ಸಲ ಬಾಯಿಗೆ ಬರಲಿಲ್ಲ.

ಒಳಗಿನಿಂದ ಗವಿರಾಯ ಬಂದು ನಕ್ಕ. "ಇವನು ಬೇಕಾ? ಇವನ ಜೊತೇನೇ ಕುಸ್ತಿ ಹಿಡಿ. ಬಿದ್ದವನು ಕಲ್ಲು." ಇಬ್ಬರ ಕೈ ಕೂಡಿಸಿ ಕೂಗಿ ಸಾರಿದ: "ನಾನೇ ಈ ಜೋಡಿ ಕಟ್ಟಿದ್ದೀನಿ."

ಗೆದ್ದರೆ ಸಿಂಗಣ್ಣ ಕಲ್ಲು, ಸೋತರೆ ತಾನೇ ಕಲ್ಲು. ಹಾಲಪ್ಪ ಸೋಲುವುದೆಂದೇ ನಿಶ್ಚಯಿಸಿದ. ಆದರೆ ಕುಸ್ತಿಗೆ ಮೊದಲು ಎದುರಾಳಿಯ ಹೆಗಲಿಗೆ ಮಣ್ಣು ಹಚ್ಚುವುದು ಗರಡಿಯ ಪದ್ಧತಿ. ಅವನು ಗಂಟು ಬಿಚ್ಚಿ, ಆ ಕೆಂಪು ಮಣ್ಣನ್ನು ಹಚ್ಚಿದ.

ಸಿಂಗಣ್ಣ ಮೂಗರಳಿಸಿದ. ಇನ್ನೊಮ್ಮೆ ಮೂಸಿದ. ಹುಬ್ಬು ಗಂಟಿಕ್ಕಿತು.

"ಲೋ ಹಾಲಾ, ಮತ್ತೆ ಮಜ್ಜಿಗೆ ಜಾಸ್ತಿ ಸುರಿದಿದ್ದೀಯಲ್ಲೋ."

ಹಾಲಪ್ಪನ ಕಣ್ಣಿಂದ ನೀರು ಇಳಿಯಿತು. ಬೈಗುಳ ಅಷ್ಟು ಸಿಹಿಯಾಗಿರುತ್ತದೆಂದು ಅವನಿಗೆ ಅದುವರೆಗೆ ಗೊತ್ತಿರಲಿಲ್ಲ.

"ಬಿದ್ದವನು ಕಲ್ಲಂತೆ ಕಣೋ," ಎಂದು ಪಿಸುಗುಟ್ಟಿದ.

"ಹಂಗಾದ್ರೆ ಬೀಳೋದ್ಯಾಕೆ? ಬಾ, ಊರಿಗೆ ಹೋಗೋಣ."

ಕೈ ಕೈ ಹಿಡಿದು ಇಬ್ಬರೂ ಹೆಬ್ಬಾಗಿಲ ಕಡೆ ನಡೆದರು. ಗವಿರಾಯ ಅರಚಿದ, "ಎಲ್ಲಿಗೆ?"

"ಕುಸ್ತಿ ಮುಗಿದಿಲ್ಲ ಸ್ವಾಮಿ," ಎಂದ ಸಿಂಗಣ್ಣ. "ಜೋಡಿ ಕಟ್ಟಿದೋರು ನೀವೇ. ಮುಗಿಯೋ ತನಕ ಒಟ್ಟಿಗಿರಬೇಕಲ್ವಾ?"

ಮಾಯಾವಿಗೆ ಕೋಪದಲ್ಲಿ ಕಟ್ಟಳೆ ಮರೆತೇಹೋಯಿತು. ಓಡಿಬಂದು ಇಬ್ಬರ ಕೈಗಳನ್ನು ಎಳೆದು ಬಿಡಿಸಿದ. ಕಾಲಿನ ಹೆಬ್ಬೆರಳಿನಿಂದ ನೆತ್ತಿಯವರೆಗೆ, ನಿಂತಲ್ಲೇ ಕಲ್ಲಾದ. ಅತ್ತ ಅರಮನೆಯಲ್ಲಿ ರಾಜನ ಸೊಸೆಯ ಕೊಕ್ಕೋ ನಿಂತಿತು.

ಮತ್ತೆ ಕೈ ಕೈ ಹಿಡಿದು ಊರು ಸೇರಿದ ಮೇಲೆ ಅವರಿಬ್ಬರೂ ಸುಖವಾಗಿದ್ದರು. ಆದರೆ ಅಂಗಾತ ಮಲಗುವುದನ್ನು ಮಾತ್ರ ಬಿಟ್ಟರು. ಯಾರೊಬ್ಬರ ಬೆನ್ನು ನೆಲ ಮುಟ್ಟಿದರೂ ಜೋಡಿ ಬಿಟ್ಟುಹೋಗುತ್ತದಲ್ಲ. ಅದಕ್ಕೇ ಒಬ್ಬರಿಗೊಬ್ಬರು ಮುಖ ಮಾಡಿ, ಮಗ್ಗುಲಾಗಿಯೇ ಮಲಗುತ್ತಾರೆ. ಆ ಕುಸ್ತಿ ಇನ್ನೂ ಮುಗಿದಿಲ್ಲ.