‘ಆಮೇಲೆ’ ಎಂದು ಕೇಳದ ಮಾಂತ್ರಿಕ

ಬಹಳ ಹಿಂದೆ, ಮೋಡಗಳು ನೆಲಕ್ಕಿಳಿದು ಕೆರೆಯ ನೀರು ಕುಡಿಯುತ್ತಿದ್ದ ಕಾಲದಲ್ಲಿ, ಬೆಳ್ಮುಗಿಲೂರು ಎಂಬ ರಾಜ್ಯವಿತ್ತು. ಸಂಜೆಯಾದರೆ ಅಲ್ಲಿನವರು ಮೋಡಗಳನ್ನು ಗೂಟಕ್ಕೆ ಕಟ್ಟಿ, ಕೈಕಾಲು ತೊಳೆದು, ಕತೆ ಕೇಳಲು ಜಗಲಿಗೆ ಬಂದು ಕೂರುತ್ತಿದ್ದರು. ಹೇಳುವವರು ಹೇಳಬೇಕು, ಕೇಳುವವರು ‘ಆಮೇಲೆ?’ ಎನ್ನಬೇಕು. ಯಾರೂ ಹಾಗೆ ಕೇಳದಿದ್ದರೆ ಹೇಳುವವರು ಅಲ್ಲಿಗೇ ನಿಲ್ಲಿಸಿ ಎದ್ದು ಹೋಗಬೇಕು. ಅದು ಆ ಊರಿನ ಪದ್ಧತಿ.

ಆ ಊರಲ್ಲಿ ನಾಗಲೆ ಎಂಬ ಕತೆಗಾರ್ತಿ ಇದ್ದಳು. ಹೇಗೆ ಶುರುಮಾಡಬೇಕು, ಎಲ್ಲಿ ಗಂಟು ಹಾಕಬೇಕು, ಎಲ್ಲಿ ದನಿ ತಗ್ಗಿಸಬೇಕು, ಎಲ್ಲಿ ಅಳಿಸಬೇಕು, ಎಲ್ಲವನ್ನೂ ಗುರುಮನೆಯಲ್ಲಿ ಅರೆದು ಕುಡಿದಿದ್ದಳು. ತಿದ್ದಲು ಗುರುಗಳಿಗೆ ಏನೂ ಉಳಿದಿರಲಿಲ್ಲ. ಆದರೆ ಕೇಳಿದವರು ಮನೆ ಮುಟ್ಟುವಷ್ಟರಲ್ಲಿ ಅವಳ ಕತೆಯನ್ನು ಮರೆತಿರುತ್ತಿದ್ದರು. ಯಾಕೆಂದು ಅವಳಿಗೆ ತಿಳಿಯದು. ತಾಯಿಯಿಲ್ಲದ ಅವಳನ್ನು ಎತ್ತಿ ಸಾಕಿದ ಅಕ್ಕ ಮಾಚಲೆಗೆ ಮಾತ್ರ ಸ್ವಲ್ಪ ತಿಳಿದಿತ್ತು.

“ಚೆನ್ನಾಗಿತ್ತು ಕಣೇ,” ಎನ್ನುವಳು ಅಕ್ಕ. “ಆದ್ರೆ ನಿನ್ನ ರಾಜಕುಮಾರನಿಗೆ ಒಂದು ಸಲವಾದ್ರೂ ನೆಗಡಿ ಆಗ್ಬಾರದೇನೇ?”

ನಾಗಲೆಗೆ ಮೂಗಿನ ತುದಿಯಲ್ಲೇ ಕೋಪ. ಆ ರಾತ್ರಿಯಿಡೀ ಮಾತು ಬಿಡುತ್ತಿದ್ದಳು.

ಹೀಗಿರುವಾಗ ಎದುರಿನ ಬೆಟ್ಟಕ್ಕೆ ತುದಿಬಲ್ಲ ಎಂಬ ಮಾಂತ್ರಿಕ ಬಂದ. ಲೋಕದ ಯಾವ ಕತೆ ಶುರುವಾದರೂ ಅವನು ಅದರ ಕೊನೆಯನ್ನು ಮೊದಲೇ ಕೂಗಿ ಹೇಳಿಬಿಡುತ್ತಿದ್ದ. ಕೂಗಿದ ಕೂಡಲೇ ಹೇಳಿದವರು, ಕೇಳಿದವರು ಎಲ್ಲರೂ ಉಪ್ಪಿನ ಬೊಂಬೆಗಳಾಗುತ್ತಿದ್ದರು. ಗುರುಗಳು ಉಪ್ಪಾದರು, ರಾಜ ಉಪ್ಪಾದ, ಪಾಪ, ಕತೆ ಕೇಳಲು ಬಂದ ಅವನ ಆನೆಯೂ ಉಪ್ಪಾಯಿತು. ಒಂದು ಸಂಜೆ ನೆರೆಮನೆಯ ಜಗಲಿಯಲ್ಲಿ ಕೂತಿದ್ದ ಮಾಚಲೆ ಕೂತಲ್ಲೇ ಉಪ್ಪಾದಳು. ಕಟ್ಟುವವರಿಲ್ಲದೆ ಮೋಡಗಳು ಗೂಟ ಬಿಟ್ಟು ಮೇಲೇರಿ ಕಪ್ಪಗಾಗತೊಡಗಿದವು. ಮಳೆ ಬಿದ್ದರೆ ಇಡೀ ಊರು ಕರಗಿ ಹರಿದುಹೋಗುತ್ತದೆ.

“ನಾನೇ ‘ಆಮೇಲೆ?’ ಎಂದು ಕೇಳಿದ ದಿನ ನನ್ನ ಮಂತ್ರ ಮುರಿಯುತ್ತದೆ” ಎಂದು ಆ ಪುಣ್ಯಾತ್ಮ ತಾನೇ ಡಂಗುರ ಹೊಡೆಸಿದ್ದ. ಸೊಕ್ಕು ಅಷ್ಟಿತ್ತು. ನಾಗಲೆ ಅಕ್ಕನ ತಲೆಗೆ ಕಂಬಳಿ ಹೊದಿಸಿ, ಅಳುತ್ತಲೇ ಬೆಟ್ಟದ ದಾರಿ ಹಿಡಿದಳು.

ಮಾಂತ್ರಿಕನ ಮನೆಯ ಮೊದಲ ಬಾಗಿಲಲ್ಲಿ ನೀಲಿ ಹುಲಿ ಮಲಗಿತ್ತು. “ಕತೆ ಹೇಳು, ಬಿಡ್ತೀನಿ. ಬೇಜಾರಾದ್ರೆ ತಿಂತೀನಿ” ಎಂದಿತು.

ನಾಗಲೆ ಹುಲಿಯ ಕತೆಯನ್ನೇ ಹೇಳಿದಳು. ಹುಲಿ ಗರ್ಜಿಸಿತು, ವೀರನ ಮೇಲೆ ಹಾರಿತು, ವೀರ ಕತ್ತಿ ಬೀಸಿದ. ನೀಲಿ ಹುಲಿ ಆಕಳಿಸಿತು.

“ನಿನ್ನ ಹುಲಿ ನೀನು ಹೇಳಿದಾಗ ಹಾರುತ್ತೆ, ನೀನು ಹೇಳಿದಾಗ ಸಾಯುತ್ತೆ. ಅದು ಹುಲಿಯಲ್ಲ ತಾಯಿ, ಹುಲಿವೇಷ. ಒಂದು ಸಲ ಅದರ ಹಗ್ಗ ಬಿಟ್ಟು ನೋಡು.”

ನಾಗಲೆ ಕಣ್ಣು ಮುಚ್ಚಿ ಹಗ್ಗ ಬಿಟ್ಟಳು. ಅವಳ ಕತೆಯ ಹುಲಿ ಹಾರಲಿಲ್ಲ. ಸುತ್ತ ಎಲ್ಲೂ ಮರವಿರಲಿಲ್ಲ, ನೆತ್ತಿ ಸುಡುವ ಬಿಸಿಲು. ಅದು ನಿಧಾನವಾಗಿ ನಡೆದು ಬಂದು ವೀರನ ನೆರಳಿನಲ್ಲಿ ಮಲಗಿಕೊಂಡಿತು. ಕತ್ತಿ ಎತ್ತಿದ ವೀರ ಎತ್ತಿದ ಹಾಗೇ ನಿಂತ.

“ಅಯ್ಯೋ, ನಾನು ಅಂದುಕೊಂಡದ್ದು ಇದಲ್ಲ!” ಎಂದಳು ನಾಗಲೆ.

“ಹಾಗಾದ್ರೆ ಇದು ಕತೆ,” ಎಂದು ಹುಲಿ ಎದ್ದು ದಾರಿ ಬಿಟ್ಟಿತು.

ಎರಡನೆಯ ಬಾಗಿಲಿನ ಮುಂದೆ ಕೊಳ, ಕೊಳದಲ್ಲಿ ಮನುಷ್ಯನಷ್ಟೆತ್ತರದ ಕೊಕ್ಕರೆ. “ನನ್ನ ದುಃಖ ಹೇಳು” ಎಂದಿತು.

ನಾಗಲೆ ಎದೆ ಬಿರಿಯುವುದನ್ನು ಹೇಳಿದಳು, ಕಣ್ಣೀರು ಕೋಡಿ ಹರಿಯುವುದನ್ನು ಹೇಳಿದಳು.

“ಈ ಕಣ್ಣೀರನ್ನೇ ಎಷ್ಟು ಜನ ರಾಣಿಯರಿಗೆ ಹಂಚಿದೀಯೇ?” ಎಂದಿತು ಕೊಕ್ಕರೆ. “ಬಾಯಿ ಮುಚ್ಚಿ ನನ್ನನ್ನ ನೋಡು.”

ನಾಗಲೆ ದಡದಲ್ಲಿ ಕೂತು ನೋಡಿದಳು. ನೆರಳುಗಳು ಉದ್ದವಾಗುವವರೆಗೂ ನೋಡಿದಳು. ಎತ್ತಿದ ಕಾಲನ್ನು ಇಳಿಸುವ ಮೊದಲು ಕೊಕ್ಕರೆ ಪ್ರತಿ ಸಲವೂ ಒಂದು ಗಳಿಗೆ ಹಿಂಜರಿಯುತ್ತಿತ್ತು.

“ನಿಂಗೆ ನೀರು ಕಂಡ್ರೆ ಆಗಲ್ಲ, ಅಲ್ವಾ?”

“ಆಗಲ್ಲಮ್ಮಾ,” ಎಂದಿತು ಕೊಕ್ಕರೆ. “ಹುಟ್ಟಿದಾಗಿನಿಂದ ಚಳಿ. ಇದುವರೆಗೆ ಒಬ್ಬರೂ ಕೇಳಿರಲಿಲ್ಲ.” ಅದರ ಕಣ್ಣು ತುಂಬಿತು, ಬಾಗಿಲು ತೆರೆಯಿತು.

ಒಳಗೆ ತುದಿಬಲ್ಲ ಕೂತಿದ್ದ. “ಇಲ್ಲಿಯವರೆಗೆ ಬಂದವಳು ನೀನು, ಮೂರು ಸಲ ಹೇಳಬಹುದು. ಮೂರನೆಯದಕ್ಕೆ ಪೂರ್ತಿ ಉಪ್ಪು,” ಎಂದ.

ನಾಗಲೆ ತನ್ನ ಅತ್ಯುತ್ತಮ ಕತೆಯನ್ನು ಎತ್ತಿಕೊಂಡಳು. ಹೆದರಿದಾಗ ಕಲಿತದ್ದೇ ಬಾಯಿಗೆ ಬರುತ್ತದೆ, ಏನು ಮಾಡುವುದು! “ಶಾಪ ಇಳಿದು ಮದುವೆಯಾಗುತ್ತಾನೆ,” ಎಂದ ಮಾಂತ್ರಿಕ. ಅವಳ ಪಾದ ಉಪ್ಪಾಯಿತು. ಇನ್ನೊಂದು ಹೇಳಿದಳು. “ಮುದುಕಿಯೇ ಕಳೆದುಹೋದ ರಾಜಕುಮಾರಿ,” ಎಂದ. ಸೊಂಟದವರೆಗೆ ಉಪ್ಪಾಯಿತು. ಹೊರಗೆ ಗುಡುಗು ಕೇಳಿಸಿತು. ಅಕ್ಕನ ತಲೆಯ ಮೇಲಿನ ಕಂಬಳಿ ಎಷ್ಟು ಹೊತ್ತು ತಡೆದೀತು!

ಹೇಳಲು ಏನೂ ಉಳಿಯದೆ ಅವಳು ಸುಮ್ಮನೆ ಅವನನ್ನು ನೋಡಿದಳು. ಇಷ್ಟು ಚೊಕ್ಕ ಮನೆಯೊಳಗೆ ಅವನು ಚಪ್ಪಲಿ ಹಾಕಿಕೊಂಡೇ ಕೂತಿದ್ದ. ಒಂದು ಕಾಲು ಮುಂದಿತ್ತು, ಮುಖ ಬಾಗಿಲ ಕಡೆಗಿತ್ತು.

“ಒಬ್ಬ ಮನುಷ್ಯ,” ಎಂದು ಶುರುಮಾಡಿದಳು. ಮುಂದೇನೆಂದು ಅವಳಿಗೇ ಗೊತ್ತಿರಲಿಲ್ಲ. “ಅವನು ಮನೆಯೊಳಗೂ ಚಪ್ಪಲಿ ಬಿಚ್ಚುತ್ತಿರಲಿಲ್ಲ. ಯಾಕಂದ್ರೆ ಯಾರೋ ‘ಈಗ ಬಂದೆ’ ಅಂತ ಹೇಳಿ ಹೋಗಿದ್ರು. ಕರೆದ ತಕ್ಷಣ ಓಡ್ಬೇಕಲ್ಲ.”

“ಅವ್ವ ಬರುವುದಿಲ್ಲ. ಇವನು ಕಾದು ಕಾದು ಸಾಯುತ್ತಾನೆ. ಅಷ್ಟೇ ಕೊನೆ!” ಎಂದ ತುದಿಬಲ್ಲ.

ಉಪ್ಪು ಒಂದು ಕೂದಲಷ್ಟೂ ಮೇಲೇರಲಿಲ್ಲ. ಅವ್ವ ಎಂದು ನಾಗಲೆ ಹೇಳಿರಲೇ ಇಲ್ಲ. ಇಷ್ಟು ಕೆಟ್ಟವನ ಮೇಲೆ ಅವಳಿಗೆ ಎಲ್ಲಿಲ್ಲದ ಕನಿಕರ ಹುಟ್ಟಿತು.

“ಇರಬಹುದು. ನನಗೆ ಗೊತ್ತಿಲ್ಲ ಸ್ವಾಮಿ. ಕಾಯೋದು ಎಷ್ಟು ನೋವು ಅಂದ್ರೆ, ಅವನು ಸಿಕ್ಕ ಕತೆಗಳನ್ನೆಲ್ಲ ತಾನೇ ಮುಗಿಸ್ತಾ ಬಂದ. ಒಂದು ಬೆಳಗ್ಗೆ ಎದ್ದು ಬಾಗಿಲು ತೆಗೆದ. ದೂರದ ದಾರಿಯಲ್ಲಿ ದೂಳು ಏಳ್ತಿತ್ತು. ಯಾರೋ ಬರ್ತಿದ್ರು.”

ನಾಗಲೆ ನಿಲ್ಲಿಸಿದಳು. ಆಟಕ್ಕಲ್ಲ, ಬರುತ್ತಿರುವವರು ಯಾರೆಂದು ನಿಜಕ್ಕೂ ಅವಳಿಗೆ ಕಾಣಿಸುತ್ತಿರಲಿಲ್ಲ. ಮಾಂತ್ರಿಕ ಕೂತಲ್ಲಿಂದಲೇ ಮುಂದಕ್ಕೆ ಬಾಗಿದ.

“ಆಮೇಲೆ?” ಎಂದು ಕೇಳಿದ.

ಕೇಳಿದ್ದೇ ತಡ, ಮಂತ್ರ ಮುರಿಯಿತು. ನಾಗಲೆಯ ಕಾಲು ಕಾಲಾಯಿತು, ಕೆಳಗೆ ಊರು ಊರಾಯಿತು, ಆನೆ ಘೀಳಿಟ್ಟಿತು. ಆಗಲೇ ಮಳೆ ಹೊಯ್ಯಿತು. ಬದುಕಿದ ಜನ ಮಳೆಯಲ್ಲಿ ನೆನೆಯುತ್ತ ನಕ್ಕರು. ಮಾಂತ್ರಿಕನ ಚರ್ಮ ಸುಲಿದರೇ ಎನ್ನುತ್ತೀರಾ? ಇಲ್ಲ. ಅವನು ಮಂತ್ರವೆಲ್ಲ ಕಳೆದುಕೊಂಡು, ಬೆಪ್ಪನಂತೆ ನಾಗಲೆಯ ಹಿಂದೆಯೇ ಬೆಟ್ಟ ಇಳಿದು ಬಂದ.

ಮಾಚಲೆ ಬಾಗಿಲಲ್ಲೇ ತಂಗಿಯನ್ನು ಬಾಚಿ ತಬ್ಬಿಕೊಂಡಳು. ಬೊಂಬೆಗಳಿಗೆ ಕಿವಿ ಕೇಳಿಸುತ್ತಿತ್ತಂತೆ. ಬೆಟ್ಟದ ಮೇಲಿನ ಕತೆಯನ್ನು ಅವಳು ಪೂರ್ತಿ ಕೇಳಿದ್ದಳು.

“ಅಲ್ವೇ, ಆ ದಾರಿಯಲ್ಲಿ ಬಂದದ್ದು ಯಾರೇ? ಅವನವ್ವನಾ?”

“ನಂಗೂ ಗೊತ್ತಿಲ್ಲಕ್ಕಾ.”

ಮಾಚಲೆ ತಂಗಿಯ ಮುಖವನ್ನು ನೋಡಿದಳು. ಆಮೇಲೆ ಅಂಗಳದ ಮೂಲೆಯಲ್ಲಿ, ಯಾರ ಮನೆಗೆ ಹೋಗಬೇಕೆಂದು ತಿಳಿಯದೆ ಮಳೆಯಲ್ಲಿ ನಿಂತಿದ್ದ ಆ ಮನುಷ್ಯನನ್ನು ನೋಡಿದಳು.

“ಏನಪ್ಪಾ, ಅಲ್ಲೇ ನಿಂತ್ಯಲ್ಲ,” ಎಂದು ಕರೆದಳು. “ಬಾ ಒಳಗೆ. ಊಟಕ್ಕೆ ಇಡ್ತೀನಿ.”

ಅವನು ಒಳಗೆ ಬಂದ. ಬೆಳ್ಮುಗಿಲೂರಿನವರು ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆಮಾಡಿ, ಬಹುಕಾಲ ಸುಖವಾಗಿ ಬಾಳಿದರು.