ಸೀಟಿನ ಮೂರು ಸೆಂಟಿಮೀಟರ್

ಗಡಿ ತಕರಾರುಗಳಲ್ಲಿ ದೊಡ್ಡವು, ಸಣ್ಣವು ಎಂಬ ಭೇದವಿದೆ. ಕೆಲವಕ್ಕೆ ಸೈನ್ಯ ಹೋಗಬೇಕಾಗುತ್ತದೆ, ಕೆಲವಕ್ಕೆ ವಕೀಲರೇ ಸಾಕು. ಸಲಾತಿಗಾ ಊರಿನ ಸಂತೆಪೇಟೆಯ ಹಿಂದಿನ ಬೀದಿಯಲ್ಲಿ ಆ ವರ್ಷ ಎದ್ದ ತಕರಾರು ಇವೆರಡಕ್ಕಿಂತಲೂ ಗಂಭೀರವಾದದ್ದು. ಅದು ಒಂದು ಸೈಕಲ್ ಸೀಟಿನ ಎತ್ತರದ ಪ್ರಶ್ನೆ. ವಿವಾದಕ್ಕೊಳಗಾದ ಪ್ರದೇಶ, ಮೂರು ಸೆಂಟಿಮೀಟರ್.

ಅಷ್ಟರಲ್ಲೇ ಇಬ್ಬರ ಬಾಳು ಸಿಕ್ಕಿಕೊಂಡಿತ್ತು.

ಶುರುವಾದದ್ದು ಒಂದು ಬೆಳಗ್ಗೆ. ಹೆಗಲ ಮೇಲೆ ಸೈಕಲ್ ಹೊತ್ತ ಮನುಷ್ಯನೊಬ್ಬ ವೆನಿಂಗಳ ಸೈಕಲ್ ದುರಸ್ತಿ ಅಂಗಡಿಯ ಮುಂದೆ ಬಂದು ನಿಂತ. ಅದನ್ನು ಸೈಕಲ್ ಎನ್ನಲು ಸ್ವಲ್ಪ ನಂಬಿಕೆ ಬೇಕಿತ್ತು. ನಲವತ್ತು ವರ್ಷದ ಹಿಂದಿನ ಜಪಾನಿ ಉಕ್ಕಿನ ರೇಸ್ ಸೈಕಲ್. ಕೊನೆಯ ಹದಿನೈದು ವರ್ಷ ಕಾಫಿ ತೋಟದ ಶೆಡ್ಡಿನಲ್ಲಿ ಕೋಳಿಗಳಿಗೆ ಮಲಗುವ ಗಳುವಾಗಿತ್ತಂತೆ. ಕೆಳಗಿನಿಂದ ತುಕ್ಕು ಹಿಡಿದಿತ್ತು, ಮೇಲಿನಿಂದ ಕೋಳಿಗಳು ಸುಣ್ಣ ಬಳಿದಿದ್ದವು.

ವೆನಿಂಗ್ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಚಕ್ರವೊಂದರ ಸ್ಪೋಕು ಬಿಗಿಯುತ್ತಿದ್ದಳು. ತಲೆ ಎತ್ತಿದಳು. ಮೊದಲು ಸೈಕಲ್ ನೋಡಿದಳು, ಆಮೇಲೆ ಹೊತ್ತವನನ್ನು.

ಬೆವರಿದ ಮುಖ... ಶಾಂತವಾದ ಕಣ್ಣು... ಚಕ್ರದ ಹಲ್ಲಿಗೆ ಚೈನು ಕೂತಂತೆ ಅವಳ ಎದೆಯೊಳಗೆ ಏನೋ ಟಕ್ಕೆಂದಿತು.

ಆಮೇಲೆ ಅವಳೊಂದು ತಪ್ಪು ಮಾಡಿದಳು. ಎದ್ದು ನಿಂತಳು.

ವೆನಿಂಗಳ ಎತ್ತರ ನೂರ ಎಪ್ಪತ್ತೆರಡು ಸೆಂಟಿಮೀಟರ್. ತಾನು ಎದ್ದು ನಿಂತಾಗ ಎದುರಿನವರ ಮುಖ ಏನಾಗುತ್ತದೆಂಬುದು ಇಪ್ಪತ್ತೊಂಬತ್ತು ವರ್ಷದ ಅವಳಿಗೆ ಬಾಯಿಪಾಠವಾಗಿತ್ತು. ಅವಳನ್ನು ನೋಡಲು ಬಂದ ಎರಡು ಮನೆಯವರು ಅರ್ಧ ಕುಡಿದ ಟೀ ಲೋಟ ಕೆಳಗಿಟ್ಟು ಎದ್ದುಹೋಗಿದ್ದರು. ಅವರಲ್ಲಿ ಒಬ್ಬಾಕೆ, ಮದುವೆ ಫೋಟೋದಲ್ಲಿ ಹುಡುಗಿಯನ್ನು ಕುರ್ಚಿಯಲ್ಲಿ ಕೂರಿಸಿದರೆ ಹೇಗೆ ಎಂದು ತುಂಬ ಹೊತ್ತು ಯೋಚಿಸಿ, ಬೇಡವೆಂದು ತೀರ್ಮಾನಿಸಿದ್ದಳು.

ಈಗಲೂ ಹಾಗೇ ಆಯಿತು. ಶಾಂತವಾದ ಆ ಕಣ್ಣುಗಳು ಅವಳ ಜೊತೆಗೇ ಮೇಲೇರಿದವು, ಏರುತ್ತಲೇ ಹೋದವು, ತುಸು ಕಳವಳಗೊಂಡವು. ವೆನಿಂಗ್ ತನಗೆ ಗೊತ್ತಿದ್ದ ಒಂದೇ ಮರೆಯಲ್ಲಿ ಅಡಗಿದಳು. ಅದು ಅವಳ ಕಸುಬು.

"ಈ ಫ್ರೇಮು ನಿಮಗೆ ದೊಡ್ಡದಾಯ್ತು, ಮಾಸ್. ಇನ್ನೂ ಎತ್ತರ ಇರೋರಿಗೆ ಮಾಡಿದ್ದು ಇದು."

ಅವನ ಕಿವಿ ಕೆಂಪಾಯಿತು. "ಸೈಕಲ್ಲೇ ನನಗೆ ಹೊಂದ್ಕೊಳ್ಳೋ ಹಾಗೆ ಮಾಡೋಕಾಗಲ್ವಾ, ಮ್ಬಾಕ್?"

ಆ ಊರಿನಲ್ಲಿ ಗಂಡಸರಿಗೆ ಮಾಸ್, ಹೆಂಗಸರಿಗೆ ಮ್ಬಾಕ್ ಎನ್ನುವುದು ಮರ್ಯಾದೆ. ಎರಡು ತಿಂಗಳು ಹಿಡಿಯುತ್ತದೆ ಎಂದಳು, ಬೇಡವೆನ್ನಲಿ ಎಂದೇ. ಅವನು ಸಂಬಳ ಹೆಚ್ಚಾದವನಂತೆ ಉಸಿರುಬಿಟ್ಟು, ಪರವಾಗಿಲ್ಲ ಎಂದ.

ಅವನ ಹೆಸರು ಜತ್ಮಿಕೊ. ಜಮೀನು ಸರ್ವೆ ಮಾಡುವ ಕೆಲಸ. ಮೆರ್ಬಾಬು ಬೆಟ್ಟದ ಮಗ್ಗುಲಲ್ಲಿ ಎಲೆಕೋಸಿನ ಗದ್ದೆಗಾಗಿ ಕತ್ತಿ ಹಿಡಿದು ನಿಂತಿದ್ದ ಅಣ್ಣತಮ್ಮಂದಿರನ್ನು ಒಂದೇ ಬೆಂಚಿನಲ್ಲಿ ಕೂರಿಸಿ ಟೀ ಕುಡಿಸಿದವನು. ಅವನ ಟೇಪು ಸುಳ್ಳು ಹೇಳುವುದಿಲ್ಲ ಎಂಬುದು ಊರಿನ ಮಾತು.

ಟೇಪಿನ ಮಟ್ಟಿಗೆ ಆ ಮಾತು ನಿಜ.

ಮುಂದಿನ ಶನಿವಾರ ವೆನಿಂಗ್ ಅವನನ್ನು ಗೋಡೆಗೆ ಒರಗಿಸಿ ನಿಲ್ಲಿಸಿದಳು. ಕಾಲುಗಳ ನಡುವೆ ದಪ್ಪ ಪುಸ್ತಕ ಇಟ್ಟುಕೊಂಡು ಮೇಲಕ್ಕೆಳೆಯಿರಿ ಎಂದಳು. ಪುಸ್ತಕದ ಅಂಚಿಗೆ ಗೋಡೆಯ ಮೇಲೆ ಗೀಟು ಹಾಕಿದರೆ ಕಾಲಿನ ಒಳ ಅಳತೆ ಸಿಗುತ್ತದೆ. ಸೀಟಿನ ಎತ್ತರ ಲೆಕ್ಕ ಹಾಕುವುದು ಅದರಿಂದಲೇ. ಶೂ ಬಿಚ್ಚಲು ಹೇಳಿದಳು. ಅವನು ಬಿಚ್ಚಲಿಲ್ಲ. ಸೈಕಲ್ ಹೊಡೆಯುವಾಗ ಹೇಗೂ ಇವೇ ಶೂ ಇರುತ್ತವೆ, ಬೇಕಾದರೆ ಅಟ್ಟೆಯ ದಪ್ಪ ಕಳೆದುಕೊಳ್ಳಿ ಎಂದು ಬಿಂಕದಿಂದ ಹೇಳಿದ. ಅವಳು ಅಟ್ಟೆಯ ದಪ್ಪ ಅಳೆದಳು, ಕಳೆದಳು. ಒಮ್ಮೆಯಲ್ಲ, ಮೂರು ಸಲ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಎಪ್ಪತ್ತೇಳು ಎಂದು ಬರೆದಳು.

ಆಮೇಲೆ ಶುರುವಾಯಿತು ಕೆಲಸ.

ಸೀಟಿನ ಕಂಬ ಫ್ರೇಮಿನೊಳಗೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಹನ್ನೊಂದು ದಿನ ಸೀಮೆಎಣ್ಣೆ ಕುಡಿಸಬೇಕಾಯಿತು. ಜತ್ಮಿಕೊ ದಿನಾ ಸಂಜೆ ಬಂದು, ಆಸ್ಪತ್ರೆಯಲ್ಲಿರುವ ನೆಂಟರನ್ನು ವಿಚಾರಿಸುವ ದನಿಯಲ್ಲಿ, ಹೇಗಿದೆ ಎಂದು ಕೇಳುತ್ತಿದ್ದ. ಹನ್ನೆರಡನೆಯ ದಿನ ಕಂಬ ಕಿರ್ರೆಂದು ಕದಲಿದಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು. ಮತ್ತೆ ತುಂಬ ಹೊತ್ತು ಇಬ್ಬರೂ ಕಂಬವನ್ನೇ ನೋಡಿದರು.

ದೊಡ್ಡ ಸೈಕಲ್ಲನ್ನು ಚಿಕ್ಕದು ಮಾಡಲಾಗುವುದಿಲ್ಲ, ಸವಾರನ ಹತ್ತಿರಕ್ಕೆ ಕರೆಯಬಹುದು ಅಷ್ಟೇ ಎಂದು ವೆನಿಂಗ್ ಅವನಿಗೆ ವಿವರಿಸಿದಳು. ಹ್ಯಾಂಡಲ್ ಹಿಡಿದಿಡುವ ಕೊಕ್ಕು ಉದ್ದವಾಗಿತ್ತು, ಚಿಕ್ಕದೊಂದನ್ನು ಹುಡುಕಿ ಹಾಕಿದಳು. ಅಗಲದ ಹ್ಯಾಂಡಲ್ ಹೋಗಿ ಕಿರಿದಾದದ್ದು ಬಂತು. ಪೆಡಲಿನ ತೋಳುಗಳು ಗಿಡ್ಡವಾದವು. ಬ್ರೇಕಿನ ಹಿಡಿ ಅವನ ಬೆರಳಿಗೆ ನಿಲುಕುವಂತೆ ಒಳಗೆ ಬಂತು. ಅದಕ್ಕಾಗಿ ಅವನ ಅಂಗೈ ಅಳೆಯಬೇಕಾಯಿತು. ಆ ಅಳತೆಗೆ ಅಗತ್ಯಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಅವಳು ನೆಲದ ಮೇಲೆ ಕೂತು ಕೆಲಸ ಮಾಡುವಳು, ಅವನು ಬೋರಲು ಹಾಕಿದ ಹಣ್ಣಿನ ಪೆಟ್ಟಿಗೆಯ ಮೇಲೆ ಕೂತು ಮಾತಾಡುವನು. ಅವಳು ಕೂತಿರುವಷ್ಟು ಹೊತ್ತು ಎಲ್ಲ ಸರಿಯಿತ್ತು.

'ಏಳಲೇಬಾರದು,' ಎಂದುಕೊಳ್ಳುವಳು ವೆನಿಂಗ್. 'ಹೀಗೇ ಮುದುಕಿಯಾಗಿಬಿಟ್ಟರೂ ಸರಿ...'

ಸರಿಯಿಲ್ಲದ್ದು ಒಂದೇ. ಅವನು ಮನೆಯೊಳಗೆ ಬರುತ್ತಿರಲಿಲ್ಲ.

ಅಂಗಡಿಯ ಹಿಂದೆಯೇ ಮನೆ. ನಡುವೆ ಒಂದು ಮೆಟ್ಟಿಲು, ಒಂದು ಹೊಸ್ತಿಲು. ಅಂಗಡಿಯಲ್ಲಿ ಚಪ್ಪಲಿ ನಡೆಯುತ್ತದೆ, ಹೊಸ್ತಿಲಾಚೆ ನಡೆಯುವುದಿಲ್ಲ. ವೆನಿಂಗಳ ತಾಯಿ ಬು ಲಸ್ಮಿ ಒಂದು ಬೆಳಗ್ಗೆ ಸೋಯಾಕಾಳು ಹುದುಗಿಸಿದ ಟೆಂಪೆಯ ಸಾರು ಮಾಡಿ, ಬಾ ಮಗೂ, ಊಟ ಮಾಡು ಎಂದು ಕರೆದರೆ, ಈಗಷ್ಟೇ ಹೊಟ್ಟೆ ತುಂಬಿದೆ ಎಂದ. ಅವನ ಹೊಟ್ಟೆ ಆ ಕ್ಷಣದಲ್ಲೇ ಬೇರೆ ಹೇಳಿಕೆ ಕೊಟ್ಟಿತು. ಇನ್ನೊಂದು ಸಂಜೆ ಬಾಳೆಹಣ್ಣಿನ ಬೋಂಡಾ ಕರಿದಾಗ ಹೊಸ್ತಿಲ ಈಚೆಗೇ ನಿಂತು, ಬಸ್ಸು ಕಾಯುವವನ ಹಾಗೆ, ನಾಲ್ಕು ತಿಂದು ಹೋದ.

ಬು ಲಸ್ಮಿ ಬಾಣಲೆ ಉಜ್ಜುತ್ತ ತೀರ್ಪು ಕೊಟ್ಟಳು. ಮನೆಯೊಳಗೆ ಕಾಲಿಡದವನು ಮನಸ್ಸಿನೊಳಗೆ ಇಟ್ಟಾನೆಯೇ? ನಮ್ಮ ಚಾಪೆ ಅವನಿಗೆ ಕಮ್ಮಿಯಾಗಿರಬೇಕು. ಇನ್ನೊಂದು ಸಲ ಕರೀತೀನಿ. ಮೂರಕ್ಕೆ ಮುಗೀತು.

ಕಮ್ಮಿಯಾದದ್ದು ಚಾಪೆಯಲ್ಲ, ಹೆಚ್ಚಾದದ್ದು ಮಗಳು ಎಂದು ವೆನಿಂಗಳಿಗೆ ಗೊತ್ತಿತ್ತು. ಗೊತ್ತಿದೆ ಎಂದುಕೊಂಡಿದ್ದಳು.

ಎರಡು ತಿಂಗಳಿಗೆ ಸೈಕಲ್ ತಿಳಿ ನೀಲಿ ಬಣ್ಣದಲ್ಲಿ ಎದ್ದು ನಿಂತಿತು. ಅವನು ಅಂಗಡಿಯ ಮುಂದೆಯೇ ಹತ್ತಿ ಪೆಡಲ್ ತಿರುಗಿಸಿ ತೋರಿಸಿದ. ಅಳತೆ ಅಚ್ಚಿಗೆ ಹೊಯ್ದಂತೆ ಕೂತಿತ್ತು. ಸೀಟಿನ ಕಂಬದ ಮೇಲೆ ಅವಳು ಕೆಂಪು ಉಗುರುಬಣ್ಣದಲ್ಲಿ ತೆಳ್ಳಗೆ ಗೆರೆ ಎಳೆದಳು. ಒಂದು ವಾರ ಓಡಿಸಿ ತನ್ನಿ, ನಟ್ಟು ಬೋಲ್ಟು ಮತ್ತೊಮ್ಮೆ ಬಿಗಿದುಕೊಡ್ತೀನಿ ಎಂದು ಕಳಿಸಿದಳು.

ವಾರ ಕಳೆದು ಸೈಕಲ್ ಬಂತು. ಸೀಟು ಗೆರೆಗೆ ಸರಿಯಾಗಿಯೇ ಇತ್ತು. ಆದರೆ ಗೆರೆಯಿಂದ ಮೇಲೆ, ಹೊಳೆಯುವ ಕಂಬದ ಸುತ್ತ, ಹೊಸ ಗೀರು.

ವೆನಿಂಗ್ ಅಳತೆಪಟ್ಟಿ ಹಿಡಿದಳು. ಮೂರು ಸೆಂಟಿಮೀಟರ್.

ಅಂದರೆ ಯಾರೋ ಸೀಟನ್ನು ಅಷ್ಟು ಕೆಳಗಿಳಿಸಿ, ಬಿಗಿದು, ಓಡಿಸಿ, ಇಲ್ಲಿಗೆ ತರುವ ಮುಂಚೆ ಮತ್ತೆ ಅವಳ ಗೆರೆಗೆ ಏರಿಸಿದ್ದಾರೆ.

ಇನ್ನೊಬ್ಬ ಮೆಕ್ಯಾನಿಕ್...

ಎತ್ತರದ ಬಗ್ಗೆ ಯಾರು ಏನಂದರೂ ಅವಳು ನುಂಗಿದ್ದಳು, ಏಕೆಂದರೆ ಎತ್ತರ ಅವಳು ಮಾಡಿದ್ದಲ್ಲ. ಅಳತೆ ಅವಳು ಮಾಡಿದ್ದು. 'ನನ್ನ ಕೈ ಮೇಲೂ ನಂಬಿಕೆ ಇರಲಿಲ್ಲವಾ ಇವರಿಗೆ? ಹಾಗಾದರೆ ಸಂಜೆ ಸಂಜೆ ಬಂದು ಕೂತಿದ್ದು ಏಕೆ?'

ಶನಿವಾರ ಬೆಳಗ್ಗೆ ಅವನು ಸೈಕಲ್ ಒಯ್ಯಲು ಬಂದ. ಬು ಲಸ್ಮಿ ಆ ದಿನ ಕೆಂಪು ಗಂಜಿ, ಬಿಳಿ ಗಂಜಿ ಮಾಡಿದ್ದಳು. ಹೊಸ ಗಾಡಿ ಮನೆಯಿಂದ ಹೊರಡುವಾಗ ಚಾಪೆಯ ಮೇಲೆ ಕೂತು ಅದನ್ನು ಉಂಡು, ಕ್ಷೇಮವಾಗಿ ಓಡಲಿ ಎಂದು ಕೇಳಿಕೊಳ್ಳುವುದು ಪದ್ಧತಿ. ಲಾರಿಗೂ ಮಾಡುತ್ತಾರೆ, ಕೋಳಿ ಕೂತಿದ್ದ ಸೈಕಲ್ಲಿಗೇನು ಕಮ್ಮಿ? ಅವಳು ಹೊಸ್ತಿಲಿಗೆ ಬಂದು ಮೂರನೆಯ ಸಲ ಕರೆದಳು.

ಜತ್ಮಿಕೊ ತನ್ನ ಶೂ ನೋಡಿಕೊಂಡ. ಅಂಬರಾವಾದಲ್ಲಿ ತುರ್ತಾಗಿ ಒಂದು ಸೈಟು ಅಳೆಯಬೇಕಿದೆ ಎಂದು ನೆಲಕ್ಕೆ ಹೇಳಿದ.

ಬು ಲಸ್ಮಿ ಒಳಗೆ ಹೋದಳು. ಒಳಗೆ ತಟ್ಟೆಯ ಮೇಲೆ ತಟ್ಟೆ ಕೂತ ಸದ್ದಾಯಿತು.

ವೆನಿಂಗ್ ಸೈಕಲ್ ತಂದು ಅವನ ಮುಂದೆ ನಿಲ್ಲಿಸಿದಳು.

"ತಗೊಂಡ್ಹೋಗಿ. ಇನ್ಮೇಲೆ ಇಲ್ಲಿಗೆ ತರಬೇಡಿ. ನನ್ನ ಕೆಲಸ ತಿದ್ದೋ ಮೆಕ್ಯಾನಿಕ್ ಇದ್ದಾರಲ್ಲ, ಅವರೇ ನೋಡ್ಕೊಳ್ಳಲಿ."

"ಯಾವ ಮೆಕ್ಯಾನಿಕ್?"

ಅವಳು ಗೀರಿನ ಮೇಲೆ ಬೆರಳಿಟ್ಟಳು. "ಮೂರು ಸೆಂಟಿಮೀಟರ್. ನಾನು ಮೂರು ಸಲ ಅಳೆದಿದ್ದೆ, ಮಾಸ್. ನನ್ನ ಟೇಪ್ ತಪ್ಪಾ, ನನ್ನ ಕೈ ತಪ್ಪಾ? ನೀವೇ ಹೇಳಿ. ಸರ್ವೆಯವರು ನೀವು."

ಅವಳ ಕಣ್ಣು ತುಂಬಿದ್ದು ಅವನಿಗೆ ಕಾಣಿಸಿತು. ಗಡಿಕಲ್ಲನ್ನು ಕದ್ದು ಸರಿಸಿದವನ ಪಕ್ಕದಲ್ಲಿ, ಏನೂ ತಪ್ಪು ಮಾಡದೆ ತನ್ನ ಲೆಕ್ಕವನ್ನೇ ಅನುಮಾನಿಸುತ್ತ ನಿಲ್ಲುವ ನೆರೆಯವನ ಮುಖ ಅವನು ಎಷ್ಟೋ ಕಡೆ ನೋಡಿದ್ದ. ಈ ಸಲ ಕಲ್ಲು ಸರಿಸಿದವನು ತಾನೇ.

ಅವನು ಹೊಸ್ತಿಲ ಕೆಳಗಿನ ಮೆಟ್ಟಿಲ ಮೇಲೆ ಕೂತ. ಲೇಸು ಬಿಚ್ಚಿದ. ಎಡಗಾಲಿನ ಶೂ ಕಳಚಿ ಬೋರಲು ಹಿಡಿದ. ಹಿಮ್ಮಡಿಯಾಕಾರದ ಬೆಂಡಿನ ತುಂಡೊಂದು ನೆಲಕ್ಕೆ ಬಿತ್ತು. ಬಲಗಾಲಿನದೂ ಬಿತ್ತು. ಆಮೇಲೆ ಎದ್ದು, ಬರಿಗಾಲಲ್ಲಿ ಅವಳೆದುರು ನಿಂತ.

ವೆನಿಂಗ್ ಯಾವತ್ತಿಗಿಂತ ತುಸು ಹೆಚ್ಚು ಕೆಳಗೆ ನೋಡಬೇಕಾಯಿತು.

"ನಿಮ್ಮ ಟೇಪ್ ಸರಿ ಇದೆ, ಮ್ಬಾಕ್. ಕೈಯೂ ಸರಿ ಇದೆ. ಗೋಡೆಗೆ ನಿಂತಿದ್ದೋನೇ ತಪ್ಪು."

ಉಳಿದದ್ದನ್ನು ಅವನು ತಡವರಿಸುತ್ತ ಹೇಳಿದ. ಬೆಂಡು ಇಟ್ಟುಕೊಂಡು ಪೆಡಲ್ ತುಳಿದರೆ ಹಿಮ್ಮಡಿ ಜಾರುತ್ತದೆ. ಹಾಗಾಗಿ ಬೀದಿ ತಿರುಗಿದ ಮೇಲೆ ಚೀಲದಿಂದ ಕ್ಯಾನ್ವಾಸ್ ಶೂ ತೆಗೆದು ಹಾಕಿಕೊಂಡು ಸೀಟು ಇಳಿಸುತ್ತಿದ್ದ, ಬರುವಾಗ ಅದೇ ತಿರುವಿನಲ್ಲಿ ಏರಿಸುತ್ತಿದ್ದ. ಮನೆಯೊಳಗೆ ಬಂದರೆ ಶೂ ಬಿಚ್ಚಬೇಕು, ಬಿಚ್ಚಿದರೆ ಎಲ್ಲ ಬಯಲಾಗುತ್ತದೆ. ಅವತ್ತಿನ ಟೆಂಪೆ ಸಾರಿನ ವಾಸನೆ ಇವತ್ತಿಗೂ ಕನಸಿನಲ್ಲಿ ಬರುತ್ತದೆ.

ವೆನಿಂಗ್ ಬೆಂಡನ್ನು ಎತ್ತಿಕೊಂಡಳು. ಅಳತೆಪಟ್ಟಿ ಇಟ್ಟು ನೋಡಿದಳು. ಸರಿಯಾಗಿ ಮೂರು.

ಅಳತೆ ತಪ್ಪಿರಲಿಲ್ಲ... ಇನ್ನೊಬ್ಬ ಮೆಕ್ಯಾನಿಕ್ ಇರಲಿಲ್ಲ... ಚಾಪೆಯೂ ಕಮ್ಮಿಯಾಗಿರಲಿಲ್ಲ...

ಗೀರು ಕಂಡಾಗಿನಿಂದ ಎದೆಯ ಮೇಲೆ ಕೂತಿದ್ದ ಭಾರ ಒಮ್ಮೆಲೇ ಇಳಿಯಿತು. ಹಣ್ಣಿನ ಪೆಟ್ಟಿಗೆಯ ಮೇಲೆ ಕೂತು, ಕಣ್ಣೊರೆಸಿಕೊಳ್ಳುತ್ತ ನಗತೊಡಗಿದಳು.

"ಇದನ್ನ ಇಟ್ಕೊಂಡ್ರೂ ಇನ್ನೂ ಎಂಟು ಸೆಂಟಿಮೀಟರ್ ಬಾಕಿ ಇತ್ತಲ್ಲ, ಮಾಸ್. ಏನು ಪ್ರಯೋಜನ?"

"ಎಂಟು ಕಮ್ಮಿ ಇರೋನಿಗೆ ನಿಮ್ಮನ್ನ ಕೇಳೋ ಧೈರ್ಯ ಬರಬಹುದು ಅಂದ್ಕೊಂಡಿದ್ದೆ. ಹನ್ನೊಂದಕ್ಕೆ ಬರಲಿಲ್ಲ."

ಅವಳ ನಗು ನಿಂತಿತು.

"ಕೊಪೆಂಗ್ ಏರಿನಲ್ಲಿ ಒಂದು ಭಾನುವಾರ ನನ್ನ ಮೋಟಾರ್ ಸೈಕಲ್ ಕೆಟ್ಟು ನಿಂತಿತ್ತು," ಎಂದ ಅವನು. "ನೀವು ಸೈಕಲ್ ತುಳ್ಕೊಂಡು, ಏನೋ ಹಾಡು ಗುನುಗ್ತಾ ಪಕ್ಕದಲ್ಲೇ ಹೋದ್ರಿ. ನಾನು ತಳ್ಕೊಂಡು ಬರ್ತಿದ್ದೆ. ಆಮೇಲೆ ವಿಚಾರಿಸಿದೆ, ಸೈಕಲ್ ಅಂಗಡಿ ಅಂದ್ರು. ದುರಸ್ತಿಗೆ ಅತಿ ಹೆಚ್ಚು ದಿನ ಹಿಡಿಯೋ ಸೈಕಲ್ ಎಲ್ಲಿ ಸಿಗುತ್ತೆ ಅಂತ ಮೂರು ತಿಂಗಳು ಹುಡುಕಿದೆ. ಅಳತೆ ನೋಡಿ ಕೊಂಡಿದ್ದಲ್ಲ, ತುಕ್ಕು ನೋಡಿ ಕೊಂಡಿದ್ದು."

ಒಳಗಿನಿಂದ ಬು ಲಸ್ಮಿಯ ದನಿ ಬಂತು. "ಗಂಜಿ ಆರ್ತಾ ಇದೆ. ಒಳಗೆ ಬರ್ತೀರಾ, ಇಲ್ಲಾ ಕೋಳಿಗೆ ಹಾಕ್ಲಾ?"

ಜತ್ಮಿಕೊ ಬರಿಗಾಲಲ್ಲಿ ಹೊಸ್ತಿಲು ದಾಟಿದ. ಬು ಲಸ್ಮಿಯ ಎತ್ತರ ನೂರ ನಲವತ್ತೆಂಟು ಸೆಂಟಿಮೀಟರ್. ಅವಳು ಕತ್ತೆತ್ತಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹೊರಗಿನ ಮಾತೆಲ್ಲ ಅವಳ ಕಿವಿಗೆ ಬಿದ್ದಿತ್ತು.

"ಎತ್ತರಕ್ಕೆ ಏನು ಕಮ್ಮಿ ಆಗಿದೆ ಮಗೂ? ಕೂತ್ಕೋ."

ಅವನು ಎರಡು ಸಲ ಕೆಂಪು ಗಂಜಿ, ಮೂರು ಸಲ ಬಿಳಿ ಗಂಜಿ ಹಾಕಿಸಿಕೊಂಡ. ಅಂಬರಾವಾದ ಸೈಟು ಅಲ್ಲೇ ಇತ್ತು. ಇದ್ದಿದ್ದರೆ.

ಊಟವಾದ ಮೇಲೆ ವೆನಿಂಗ್ ಅವನನ್ನು ಮತ್ತೆ ಗೋಡೆಗೆ ನಿಲ್ಲಿಸಿದಳು. ಅದೇ ಪುಸ್ತಕ, ಬರಿಗಾಲು. ಎಪ್ಪತ್ತೇಳನ್ನು ಎಣ್ಣೆ ಬಟ್ಟೆಯಿಂದ ತಿಕ್ಕಿ ಒರೆಸಿ ಎಪ್ಪತ್ನಾಲ್ಕು ಎಂದು ಬರೆದಳು. ನಿಜವಾದ ಅಳತೆಗೆ ಚಕ್ರವೂ ಒಂದು ಸುತ್ತು ಚಿಕ್ಕದು ಬೇಕು, ಅದಕ್ಕೆ ಬ್ರೇಕೂ ಬದಲಾಗಬೇಕು, ಸೈಕಲ್ ಮತ್ತೆ ಇಲ್ಲೇ ಇರಬೇಕಾಗುತ್ತದೆ ಎಂದಳು.

"ಎಷ್ಟು ದಿನ ಹಿಡಿಯುತ್ತೆ?"

"ನಿಮಗೆ ಎಷ್ಟು ದಿನ ಬೇಕು?"

"ಮುಗೀದೇ ಇದ್ರೆ ಒಳ್ಳೇದು."

ವೆನಿಂಗ್ ಸೀಮೆಸುಣ್ಣ ಕೆಳಗಿಟ್ಟಳು. ಬೆನ್ನು ನೆಟ್ಟಗೆ ಮಾಡಿದಳು, ಬಹಳ ವರ್ಷಗಳ ಮೇಲೆ ಪೂರ್ತಿಯಾಗಿ.

"ಒಂದು ಮಾತು, ಮಾಸ್. ಮದುವೆ ಫೋಟೋದಲ್ಲಿ ನಾನು ಕುರ್ಚಿಯಲ್ಲಿ ಕೂರಲ್ಲ. ನಿಂತೇ ಇರ್ತೀನಿ."

"ನಿಂತಿರಿ," ಎಂದ ಜತ್ಮಿಕೊ. "ನಾನು ಕತ್ತೆತ್ತಿ ನೋಡ್ತಿರ್ತೀನಿ."

ಅವಳು ಸ್ಪ್ಯಾನರ್ ತೆಗೆದುಕೊಂಡಳು. ಸೀಟು ಮೂರು ಸೆಂಟಿಮೀಟರ್ ಕೆಳಗಿಳಿಯಿತು.